ಓದುಗರ ಪ್ರಶ್ನೆ: ಸಾಫ್ಟ್‌ವೇರ್ ಉತ್ತರ ಪುಸ್ತಕದ ಹಾಗಿಲ್ಲ, ತಪ್ಪಾ?

ಪ್ರಶ್ನೆ: ಲ್ಯಾಪ್‌ಟಾಪಿನಲ್ಲಿ ಗಣಿತ ಬಿಡಿಸುವ ಮ್ಯಾಕ್ಸಿಮಾ ಸಾಫ್ಟ್‌ವೇರ್ ಹಾಕಿಕೊಂಡು ‘ವೈ ಡ್ಯಾಶ್ + 2ವೈ = ಎಕ್ಸ್’ (ವೈ ಡ್ಯಾಶ್ ಅಂದರೆ ಎಕ್ಸ್ ಜೊತೆ ವೈ ಬದಲಾಗುವ ದರ) ಬಿಡಿಸಲು ಹೋದೆ. ಇದು ಡಿಫರೆನ್ಷಿಯಲ್ ಇಕ್ವೇಷನ್ನೇ ಅಲ್ಲ ಅಂದುಬಿಟ್ಟಿತು. ಗೆಳತಿ ಹೇಳಿದಂತೆ ಡಿಫರೆನ್ಷಿಯೇಟ್ ಮಾಡುವ ‘ಡಿಫ್’ ಕಮಾಂಡ್ ಮುಂದೆ ಒಂದು ಕೋಟ್ ಹಾಕಿದ ಮೇಲೆ ಉತ್ತರ ಬಂತು, ಆದರೆ ಪುಸ್ತಕದ ಹಾಗಿಲ್ಲ. ಯಾವುದನ್ನು ನಂಬಲಿ?
(ಎಂಜಿನಿಯರಿಂಗ್ ವಿದ್ಯಾರ್ಥಿನಿ, ನವನಗರ, ಬಾಗಲಕೋಟೆ)

ಉತ್ತರ: ಎರಡನ್ನೂ ನಂಬಿ. ಮೊದಲು ಕೋಟ್ ವಿಷಯ. ವೈ ಅನ್ನೋದು ಎಕ್ಸ್ ಮೇಲೆ ನಿಂತಿದೆ ಅಂತ ಮ್ಯಾಕ್ಸಿಮಾಗೆ ನೀವು ಹೇಳಿಲ್ಲ, ಹಾಗಾಗಿ ‘ಡಿಫ್’ ಕಂಡ ಕೂಡಲೇ ಅದು ಡಿಫರೆನ್ಷಿಯೇಟ್ ಮಾಡಿ ಸೊನ್ನೆ ಇಟ್ಟುಬಿಡುತ್ತದೆ, ಉಳಿಯೋದು ಬರೀ 2ವೈ = ಎಕ್ಸ್. ಅದು ಹೇಳಿದ್ದು ಸರಿಯೇ ಅಲ್ವಾ? ಕೋಟ್ ಹಾಕಿದರೆ ‘ಈಗಲೇ ಲೆಕ್ಕ ಮಾಡಬೇಡ, ಹಾಗೇ ಇಟ್ಟುಕೋ’ ಅಂದ ಹಾಗೆ.

ಇನ್ನು ಉತ್ತರ. ಇಂಥ ಸಮೀಕರಣ ಬಿಡಿಸುವ ‘ಓಡಿಇ2’ ಕಮಾಂಡ್ ನಿಮ್ಮ ಕ್ಲಾಸಿನಲ್ಲಿ ಕಲಿಸಿದ ಇಂಟಿಗ್ರೇಟಿಂಗ್ ಫ್ಯಾಕ್ಟರ್ (ಎರಡೂ ಕಡೆ ಇ ಘಾತ 2ಎಕ್ಸ್‌ನಿಂದ ಗುಣಿಸಿ ಬಿಡಿಸುವ) ದಾರಿಯನ್ನೇ ಹಿಡಿಯುತ್ತದೆ. ಅದಕ್ಕೇ ಇ ಘಾತ ಮೈನಸ್ 2ಎಕ್ಸ್ ಬ್ರಾಕೆಟ್ ಹೊರಗೆ ಕೂತಿದೆ, ಇ ಘಾತ 2ಎಕ್ಸ್ ಒಳಗೆ. ‘ಎಕ್ಸ್‌ಪ್ಯಾಂಡ್’ ಕೊಡಿ. ಎಕ್ಸ್/2 − 1/4, ಜೊತೆಗೆ ಸಿ (ಯಾವುದೇ ಸ್ಥಿರಾಂಕ) ಗುಣಿಸು ಇ ಘಾತ ಮೈನಸ್ 2ಎಕ್ಸ್ ಬರುತ್ತದೆ, ಪುಸ್ತಕದ್ದೂ ಅದೇ ಇರಬೇಕು. ಅನುಮಾನ ಇದ್ದರೆ ಉತ್ತರವನ್ನು ಮೂಲ ಸಮೀಕರಣಕ್ಕೇ ಹಾಕಿ ನೋಡಿ. ಡಿಫರೆನ್ಷಿಯೇಟ್ ಮಾಡಿದರೆ ಎಕ್ಸ್/2 − 1/4 ಕೊಡೋದು 1/2, ಅದರ ಎರಡರಷ್ಟು ಎಕ್ಸ್ − 1/2, ಕೂಡಿಸಿದರೆ ಎಕ್ಸ್. ಸಿ ಇರುವ ಭಾಗ ತಾನೇ ಹೊಡೆದುಹೋಗುತ್ತದೆ. ಎಕ್ಸ್ ಸೊನ್ನೆ ಇದ್ದಾಗ ವೈ 1 ಅಂತಿದ್ದರೆ ‘ಐಸಿ1’ ಬಳಸಿ, ಸಿ 5/4 ಬರುತ್ತದೆ.

ಪ್ರಶ್ನೆ: ದುಡ್ಡು ಕೊಟ್ಟು ಸಾಫ್ಟ್‌ವೇರ್ ತರುವ ಸ್ಥಿತಿ ನಮ್ಮ ಕಾಲೇಜಿನಲ್ಲಿಲ್ಲ. ಪುಕ್ಕಟೆ ಏನಿದೆ? ಹುಡುಗರು ನಿದ್ದೆ ಮಾಡದಂಥ ಒಂದು ಲೆಕ್ಕವನ್ನೂ ಹೇಳಿ.
(ಉಪನ್ಯಾಸಕರು, ವಿಜಯಪುರ)

ಉತ್ತರ: ಮ್ಯಾಕ್ಸಿಮಾ ಪುಕ್ಕಟೆ, ಪೈಥಾನ್ ಭಾಷೆಯಲ್ಲಿ ಇದೇ ಕೆಲಸ ಮಾಡುವ ಸಿಮ್‌ಪೈ ಕೂಡ ಪುಕ್ಕಟೆ. ಮ್ಯಾಕ್ಸಿಮಾ ಹಳೇ ಕುಳ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 1960ರ ದಶಕದ ಕೊನೆಗೆ ಶುರುವಾದ ಮ್ಯಾಕ್ಸಿಮಾದ ಪೂರ್ವಜ ಮ್ಯಾಕ್‌ಸಿಮಾ. ಅದನ್ನು ವರ್ಷಗಟ್ಟಲೆ ಸಾಕಿದ ವಿಲಿಯಂ ಶೆಲ್ಟರ್ ಎಂಬ ಪ್ರೊಫೆಸರ್ 1998ರಲ್ಲಿ ಅನುಮತಿ ಪಡೆದು ಎಲ್ಲರಿಗೂ ಬಿಟ್ಟುಕೊಟ್ಟರು. ಹುಡುಗರು ಪೈಥಾನ್ ಕಲಿತಿದ್ದರೆ ಸಿಮ್‌ಪೈ, ಇಲ್ಲದಿದ್ದರೆ ಮ್ಯಾಕ್ಸಿಮಾ. ಇದರ ಮೇಲೆ ಜಾಸ್ತಿ ಜಗಳ ಬೇಡ.

ಲೆಕ್ಕಕ್ಕೆ ನಿಮ್ಮೂರಿನ ಬಿಸಿಲೇ ಸಾಕು. ಮೇ ತಿಂಗಳು, ಕೋಣೆ 38 ಡಿಗ್ರಿ, ಚಹಾ 90 ಡಿಗ್ರಿ, 10 ನಿಮಿಷಕ್ಕೆ 70ಕ್ಕೆ ಇಳಿಯಿತು ಅಂತಿಟ್ಟುಕೊಳ್ಳಿ. ಚಹಾಕ್ಕೂ ಕೋಣೆಗೂ ಎಷ್ಟು ವ್ಯತ್ಯಾಸವೋ ಅದಕ್ಕೆ ತಕ್ಕಂತೆ ತಣಿಯುವ ವೇಗ, ಇದು ನ್ಯೂಟನ್ ನಿಯಮ. ಸಾಫ್ಟ್‌ವೇರಿಗೆ ಕೊಟ್ಟರೆ ಸ್ಥಿರಾಂಕ ಕೆ ನಿಮಿಷಕ್ಕೆ ಸುಮಾರು 0.0486 ಬರುತ್ತದೆ, 50 ಡಿಗ್ರಿಗೆ ಇಳಿಯಲು ಒಟ್ಟು ಸುಮಾರು 30 ನಿಮಿಷ. ಅದೇ ಕಪ್ಪು, ಅದೇ ಕೆ ಇಟ್ಟುಕೊಂಡು ಡಿಸೆಂಬರ್ ಬೆಳಗಿನ 20 ಡಿಗ್ರಿ ಹಾಕಿಸಿ, ಹದಿನೇಳೂವರೆ ನಿಮಿಷಕ್ಕೇ ಅಷ್ಟು ತಣ್ಣಗಾಗುತ್ತದೆ. ಬೇಕಾದರೆ ಕ್ಲಾಸಿಗೇ ಥರ್ಮಾಮೀಟರ್ ತರಿಸಿ, ಚಹಾದ ಖರ್ಚು ನಿಮ್ಮದು!

ಪ್ರಶ್ನೆ: ವೈ ಡ್ಯಾಶ್ = ವೈ ವರ್ಗ. ಸಾಫ್ಟ್‌ವೇರ್ ಕೊಟ್ಟ ಉತ್ತರವನ್ನೇ ಬರೆದೆ, ಒಂದು ಪರಿಹಾರ ಬಿಟ್ಟಿದ್ದೀಯ ಅಂತ ಮಾರ್ಕ್ಸ್ ಕಳೆದರು.
(ಓದುಗ, ಟಿಳಕವಾಡಿ, ಬೆಳಗಾವಿ)

ಉತ್ತರ: ನಿಮ್ಮ ಮೇಷ್ಟ್ರು ಸರಿ. ಬಿಡಿಸುವಾಗ ಎರಡೂ ಕಡೆ ವೈ ವರ್ಗದಿಂದ ಭಾಗಿಸಬೇಕು, ವೈ ಸೊನ್ನೆ ಆದರೆ ಭಾಗಿಸಲು ಬರೋದಿಲ್ಲ. ಆದರೆ ವೈ = 0 ಅನ್ನೋದೂ ಒಂದು ಪರಿಹಾರವೇ. ಮ್ಯಾಕ್ಸಿಮಾ ಅದನ್ನು ಸುಮ್ನೆ ಬಿಟ್ಟು −1/ವೈ = ಎಕ್ಸ್ + ಸಿ ಅಂತ ಕೊಟ್ಟುಬಿಡುತ್ತದೆ, ಎಚ್ಚರಿಕೆಯನ್ನೂ ಹೇಳೋದಿಲ್ಲ. ಹೀಗೆ ಬೇರ್ಪಡಿಸಿ ಬಿಡಿಸುವ ಸಮೀಕರಣ ಸಿಕ್ಕಾಗಲೆಲ್ಲ ಬಲಗಡೆ ಯಾವ ವೈಗೆ ಸೊನ್ನೆ ಆಗುತ್ತದೆ ಅಂತ ಪೆನ್ನಿನಲ್ಲೇ ನೋಡಿಕೊಳ್ಳಿ.

ಇದೇ ಪತ್ರದಲ್ಲಿ ವೈ ಡ್ಯಾಶ್ = ಸೈನ್ (ಎಕ್ಸ್ ವೈ) ಕೊಟ್ಟರೆ ಬರೀ ‘ಫಾಲ್ಸ್’ ಬರುತ್ತದೆ ಅಂದಿದ್ದೀರಿ. ಓಡಿಇ2ಗೆ ಗೊತ್ತಿರುವ ಯಾವ ದಾರಿಯೂ ಅಲ್ಲಿ ಹಿಡಿಸೋದಿಲ್ಲ ಅಂತ ಅದರ ಅರ್ಥ, ನಿಮ್ಮ ಟೈಪಿಂಗ್ ತಪ್ಪಲ್ಲ. ಅಂಥ ಕಡೆ ಸೂತ್ರ ಬಿಟ್ಟು ‘ಪ್ಲಾಟ್‌ಡಿಎಫ್’ ಕೊಟ್ಟು ದಿಕ್ಕಿನ ಚಿತ್ರ (ಒಂದೊಂದು ಬಿಂದುವಿನಲ್ಲೂ ಪರಿಹಾರ ಯಾವ ಕಡೆ ಹೊರಡುತ್ತದೆ ಅನ್ನೋ ಬಾಣಗಳು) ಬಿಡಿಸಿ, ಅಂಕಿ ಬೇಕಿದ್ದರೆ ‘ಆರ್‌ಕೆ’ ಬಳಸಿ.