ಏಪ್ರಿಲ್‌ನಲ್ಲೇ ರಿಟರ್ನ್ ಹಾಕಬೇಕೆ?

ಪ್ರಶ್ನೆ: ನಾನು ಸಂಬಳದಾರ. ಎಫ್‌ಡಿ ಬಡ್ಡಿಯೂ ಇದೆ, ಟಿಡಿಎಸ್ (ಹಣ ಕೈಸೇರುವ ಮುನ್ನವೇ ಹಿಡಿದುಕೊಳ್ಳುವ ತೆರಿಗೆ) ಹೆಚ್ಚಾಗಿ ಕಡಿತವಾಗಿದೆ. ರಿಫಂಡ್ ಬೇಗ ಸಿಗಲೆಂದು ಏಪ್ರಿಲ್‌ನಲ್ಲೇ ಆದಾಯ ತೆರಿಗೆ ರಿಟರ್ನ್ ಸಲ್ಲಿಸಲೇ?

ಉತ್ತರ: ಅವಸರ ಬೇಡ. ಜನವರಿ–ಮಾರ್ಚ್ ಅವಧಿಯ ಟಿಡಿಎಸ್ ವಿವರ ಸಲ್ಲಿಸಲು ಕಂಪನಿಗೂ ಬ್ಯಾಂಕಿಗೂ ಮೇ 31ರವರೆಗೆ ಗಡುವಿದೆ. ಅದು 26ಎಎಸ್‌ನಲ್ಲಿ (ನಿಮ್ಮ ಪ್ಯಾನ್‌ಗೆ ಜಮೆಯಾದ ತೆರಿಗೆಯ ಪಟ್ಟಿ) ಕಾಣಿಸಿಕೊಳ್ಳುವ ಮುನ್ನವೇ ನೀವು ಕ್ಲೇಮ್ ಮಾಡಿದರೆ ಲೆಕ್ಕ ತಾಳೆಯಾಗದೆ ರಿಫಂಡ್ ಕಡಿಮೆಯಾಗಬಹುದು. ಆಮೇಲೆ ತಿದ್ದುಪಡಿಯ ತಲೆನೋವು ನಿಮ್ಮದೇ. ಫಾರಂ 16 (ಸಂಬಳ ಮತ್ತು ಅದರಲ್ಲಿ ಕಡಿತವಾದ ತೆರಿಗೆಯ ಪ್ರಮಾಣಪತ್ರ) ಕೊಡಲು ಕಂಪನಿಗೆ ಜೂನ್ 15ರ ಗಡುವು. ಅಲ್ಲಿಂದ ಜುಲೈ ಮೊದಲ ವಾರದವರೆಗೆ ಸರಿಯಾದ ಸಮಯ.

ಕಾಯುವುದರಿಂದ ನಷ್ಟವೂ ಇಲ್ಲ. ಗಡುವಿನೊಳಗೆ ಸಲ್ಲಿಸಿದವರ ರಿಫಂಡ್‌ಗೆ, ಅದು ಒಟ್ಟು ತೆರಿಗೆಯ ಶೇ 10ಕ್ಕಿಂತ ಕಡಿಮೆ ಇಲ್ಲದಿದ್ದರೆ, ಏಪ್ರಿಲ್ 1ರಿಂದಲೇ ತಿಂಗಳಿಗೆ ಶೇ 0.5 ಬಡ್ಡಿ ಸೇರುತ್ತದೆ. (ಆ ಬಡ್ಡಿಗೂ ತೆರಿಗೆ ಉಂಟು!)

ಸಲ್ಲಿಸುವ ಮುನ್ನ ಆದಾಯ ತೆರಿಗೆ ಪೋರ್ಟಲ್‌ನಿಂದ ಎಐಎಸ್ (ಇಲಾಖೆಯ ಬಳಿ ಇರುವ ನಿಮ್ಮ ವರ್ಷದ ಆದಾಯ, ವಹಿವಾಟುಗಳ ಪಟ್ಟಿ) ಡೌನ್‌ಲೋಡ್ ಮಾಡಿ, ಎಫ್‌ಡಿ ಬಡ್ಡಿಯನ್ನು ಬ್ಯಾಂಕಿನ ಬಡ್ಡಿ ಪ್ರಮಾಣಪತ್ರದೊಂದಿಗೆ ತಾಳೆ ನೋಡಿ. ಉಳಿತಾಯ ಖಾತೆಯ ಬಡ್ಡಿಯನ್ನು ಮರೆಯುವವರೇ ಹೆಚ್ಚು. ರಿಫಂಡ್ ಬರಬೇಕಾದ ಖಾತೆ ಪೋರ್ಟಲ್‌ನಲ್ಲಿ ವ್ಯಾಲಿಡೇಟ್ ಆಗಿರಬೇಕು. ಪ್ಯಾನ್‌ನಲ್ಲೊಂದು, ಪಾಸ್‌ಬುಕ್‌ನಲ್ಲೊಂದು ಹೆಸರಿದ್ದರೆ ಹಣ ಅಲ್ಲೇ ನಿಲ್ಲುತ್ತದೆ. ಸಲ್ಲಿಸಿದ 30 ದಿನದೊಳಗೆ ಇ-ವೆರಿಫೈ (ಆನ್‌ಲೈನ್ ದೃಢೀಕರಣ) ಮಾಡಿ. ಜುಲೈ 31 ದಾಟಿದರೆ ಮಾತ್ರ, 5 ಲಕ್ಷ ಮೀರಿದ ಆದಾಯಕ್ಕೆ 5,000 ರೂಪಾಯಿ ತಡಶುಲ್ಕ.