ರೆಡಿಂಗ್‌ನಿಂದ ಒಂದು ದಿನ: ಥೇಮ್ಸ್ ದಂಡೆಯ ವಾಲಿಂಗ್‌ಫರ್ಡ್‌ನಲ್ಲಿ ಏನೇನು ನೋಡಬಹುದು?

ನಿಮ್ಮ ಪ್ರಶ್ನೆ ಇಷ್ಟು: ಮನೆ ರೆಡಿಂಗ್‌ನಲ್ಲಿ, ಮೈಸೂರಿನಿಂದ ಅಪ್ಪ-ಅಮ್ಮ ಬಂದಿದ್ದಾರೆ, ಒಂಬತ್ತು ವರ್ಷದ ಮಗಳಿದ್ದಾಳೆ. ಲಂಡನ್, ಆಕ್ಸ್‌ಫರ್ಡ್ ಎರಡೂ ಆಗಿವೆ. ಇನ್ನು ಹೊಳೆ ದಂಡೆಯ ಹಳೇ ಸಂತೆ ಊರೊಂದನ್ನು ಒಂದೇ ದಿನದಲ್ಲಿ ನೋಡಿ ಬರಬೇಕು. ಕಾರು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ.

ವಾಲಿಂಗ್‌ಫರ್ಡ್‌ಗೆ ಹೋಗಿ. ಇದೇ ಹೊಳೆಯ ದಂಡೆಯ ಹೆನ್ಲಿ ಊರಿಗೆ ಹೆಸರು ಜಾಸ್ತಿ, ಜನವೂ ಜಾಸ್ತಿ. ವಾಲಿಂಗ್‌ಫರ್ಡ್‌ನಲ್ಲಿ ಊರು, ಕೋಟೆ, ಹೊಳೆ ಮೂರೂ ಹತ್ತು ನಿಮಿಷದ ನಡಿಗೆಯಲ್ಲಿವೆ. ವಯಸ್ಸಾದವರ ಮಂಡಿಗೆ ಅದೇ ಮುಖ್ಯ.

ಹೋಗುವುದಾದರೆ ಶುಕ್ರವಾರವೇ ಹೋಗಿ. ಸಂತೆ ನಡೆಯುವುದು ಅವತ್ತು. ಮಗಳ ಶಾಲೆ ಅಡ್ಡ ಬಂದರೆ ರಜೆಯ ವಾರದ ಶುಕ್ರವಾರ ನೋಡಿಕೊಳ್ಳಿ. ಊರಿಗೆ ಸನ್ನದು, ಅಂದರೆ ಹಕ್ಕುಪತ್ರ ಕೊಟ್ಟವನು ರಾಜ ಎರಡನೇ ಹೆನ್ರಿ, 1155ರಲ್ಲಿ. ಪಟ್ಟಕ್ಕಾಗಿ ನಡೆದ ಯುದ್ಧದಲ್ಲಿ ಈ ಊರು ಅವನ ತಾಯಿ ಮಟಿಲ್ಡಾಳ ಪಕ್ಷ ಬಿಡಲಿಲ್ಲ, ಅದರ ಋಣ ಅದು. ಸಂತೆ ಎಂದಾಕ್ಷಣ ದೇವರಾಜ ಮಾರುಕಟ್ಟೆಯನ್ನು ಕಲ್ಪಿಸಿಕೊಳ್ಳಬೇಡಿ. ಚೌಕದಲ್ಲಿ ಕೆಲವು ಅಂಗಡಿ ಹಾಕಿರುತ್ತಾರೆ, ಅಷ್ಟೆ. ಹನ್ನೊಂದು ಗಂಟೆಯ ಒಳಗೆ ಅಲ್ಲಿರಿ, ಮಧ್ಯಾಹ್ನ ಕಳೆದರೆ ಟೆಂಟು ಬಿಚ್ಚಲು ಶುರು ಮಾಡುತ್ತಾರೆ. ಚೌಕದ ಒಂದು ಬದಿಗೆ ಕಂಬಗಳ ಮೇಲೆ ನಿಂತ ಟೌನ್ ಹಾಲ್ ಇದೆ, 1670ರದ್ದು. ಮಳೆ ಬಂದರೆ ಅದರ ಕೆಳಗೆ ನಿಲ್ಲಿ.

ಕಾರಿಲ್ಲದಿದ್ದರೆ ದಾರಿ ಎರಡು. ರೆಡಿಂಗ್‌ನಿಂದ ಆಕ್ಸ್‌ಫರ್ಡ್‌ಗೆ ಹೋಗುವ ಎಕ್ಸ್40 ಬಸ್ಸು ಊರ ಮಧ್ಯದಲ್ಲೇ ಇಳಿಸುತ್ತದೆ. ಮೇಲಿನ ಮಹಡಿಯ ಮುಂದಿನ ಸೀಟು ಮಗಳಿಗೆ. ರೈಲಾದರೆ ಡಿಡ್ಕಟ್ ಕಡೆಗೆ ಎಲ್ಲ ಕಡೆ ನಿಂತು ಹೋಗುವ ಗಾಡಿ ಹಿಡಿದು ಚೋಲ್ಸಿಯಲ್ಲಿ ಇಳಿಯಬೇಕು, ಇಪ್ಪತ್ತು ನಿಮಿಷದ ಆಸುಪಾಸು. ಇಲ್ಲೇ ಹಲವರು ಎಡವುವುದು: ಚೋಲ್ಸಿ ನಿಲ್ದಾಣದಿಂದ ವಾಲಿಂಗ್‌ಫರ್ಡ್ ಇನ್ನೂ ಮೂರು ಮೈಲಿ ಹತ್ತಿರ ಇದೆ. ಹೊಲದ ನಡುವೆ ಕಾಲುದಾರಿ ಚೆನ್ನಾಗಿದೆ, ಆದರೆ ಅಪ್ಪ-ಅಮ್ಮನ ಶಕ್ತಿಯೆಲ್ಲ ಊರು ಮುಟ್ಟುವ ಮೊದಲೇ ಖರ್ಚಾಗುತ್ತದೆ. ಹಾಗಾಗಿ ನಿಮ್ಮ ಗುಂಪಿಗೆ ಬಸ್ಸೇ ಸರಿ. ವಾಪಸ್ ಬರುವ ಬಸ್ಸಿನ ಸಮಯ ಮಾತ್ರ ಬೆಳಿಗ್ಗೆಯೇ ನೋಡಿಟ್ಟುಕೊಳ್ಳಿ. ಚೋಲ್ಸಿಯಿಂದ ವಾಲಿಂಗ್‌ಫರ್ಡ್‌ಗೆ ಎರಡೂವರೆ ಮೈಲಿಯ ಹಳೇ ಕವಲು ಹಳಿಯೂ ಒಂದಿದೆ. ಊರವರು ಪ್ರೀತಿಯಿಂದ ‘ಬಂಕ್’ ಎನ್ನುತ್ತಾರೆ, ಸ್ವಯಂಸೇವಕರು ಓಡಿಸುತ್ತಾರೆ. ಆದರೆ ಆಯ್ದ ಕೆಲವು ರಜಾದಿನ, ವಾರಾಂತ್ಯಗಳಲ್ಲಿ ಮಾತ್ರ. ಶುಕ್ರವಾರದ ಸಂತೆಗೂ ಇದಕ್ಕೂ ತಾಳೆಯಾಗುವುದು ಅಪರೂಪ, ಒಂದನ್ನು ಕೈಬಿಡಬೇಕು.

ಊರು ನೋಡಲು ಶುರು ಮಾಡುವುದು ಚೌಕದಿಂದಲ್ಲ, ಪಶ್ಚಿಮ ಅಂಚಿನ ಕೈನ್‌ಕ್ರಾಫ್ಟ್ ಮೈದಾನದಿಂದ. ಅಂಚಿನಲ್ಲಿ ಹುಲ್ಲು ಬೆಳೆದ ದಿಬ್ಬ ಕಾಣುತ್ತದೆ, ಮಕ್ಕಳು ಜಾರುವ ಆಟ ಆಡುತ್ತಿರುತ್ತಾರೆ. ಅದು ಸುಮ್ಮನೆ ಮಣ್ಣಲ್ಲ. 9ನೇ ಶತಮಾನದಲ್ಲಿ ವೈಕಿಂಗರ ದಾಳಿ ತಡೆಯಲು ಆಲ್ಫ್ರೆಡ್ ರಾಜನ ಕಾಲದಲ್ಲಿ ಎಬ್ಬಿಸಿದ ಕೋಟೆಯ ಒಡ್ಡು. ಮೂರು ಕಡೆ ಒಡ್ಡು, ಕಂದಕ; ನಾಲ್ಕನೆಯ ಕಡೆ ಹೊಳೆಯೇ ಕಾವಲು. ನಮ್ಮ ಮಣ್ಣಿನ ಕೋಟೆಗಳನ್ನು ಕಂಡ ನಿಮ್ಮ ತಂದೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆ ಕಾಲದ ಕೋಟೆ ಊರುಗಳ ಪಟ್ಟಿಯಲ್ಲಿ ಈ ಊರಿಗೂ ರಾಜಧಾನಿ ವಿಂಚೆಸ್ಟರ್‌ಗೂ ಒಂದೇ ಲೆಕ್ಕ, ಕೋಟೆಯ ಕಾವಲಿಗೆಂದು ತಲಾ 2400 ಹೈಡ್ (ಆಗಿನ ಭೂಮಿಯ ಅಳತೆ) ನಿಗದಿ. ಈಗಿನ ಪುಟ್ಟ ಊರನ್ನು ನೋಡಿ ಅದನ್ನು ನಂಬುವುದು ಕಷ್ಟ. ದಿಬ್ಬ ಹತ್ತಿ ನಿಂತರೆ ಬೀದಿಗಳು ಅಡ್ಡ-ಉದ್ದ ನೇರವಾಗಿ ಕೊಯ್ದಂತಿರುವುದೂ ಅರ್ಥವಾಗುತ್ತದೆ, ಆ ನಕ್ಷೆಯೂ ಆಗಿನದೇ.

ಅಲ್ಲಿಂದ ಸಂತೆ, ಸಂತೆಯಿಂದ ಹೊಳೆ ಕಡೆಗೆ ಇಳಿದರೆ ಸೇಂಟ್ ಪೀಟರ್ಸ್ ಚರ್ಚು. ಅದರ ಗೋಪುರದ ತುದಿ ಕಲ್ಲಿನ ಜಾಲಂದರದ ಹಾಗೆ, ಒಳಗಿಂದ ಆಕಾಶ ಕಾಣುತ್ತದೆ. ಇಂಗ್ಲೆಂಡಿನ ಕಾನೂನಿಗೆ ವ್ಯಾಖ್ಯಾನ ಬರೆದ ವಿಲಿಯಂ ಬ್ಲ್ಯಾಕ್‌ಸ್ಟನ್‌ನ ಸಮಾಧಿ ಇಲ್ಲಿದೆ. ಮನೆಯಲ್ಲಿ ವಕೀಲರಿದ್ದರೆ ಹತ್ತು ನಿಮಿಷ ನಿಲ್ಲಿ, ಇಲ್ಲದಿದ್ದರೆ ಹೊರಗಿಂದ ನೋಡಿ ಮುಂದೆ ನಡೆಯಿರಿ.

ಕೋಟೆಯ ವಿಷಯದಲ್ಲಿ ಮೊದಲೇ ಹೇಳಿಬಿಡುತ್ತೇನೆ: ಚಿತ್ರದುರ್ಗದ ಕಲ್ಪನೆ ಇಟ್ಟುಕೊಂಡು ಹೋದರೆ ನಿರಾಸೆ ಖಂಡಿತ. ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದಲ್ಲಿ ರಾಜನ ಪಕ್ಷ ಹಿಡಿದು 1646ರ ಜುಲೈವರೆಗೆ ಬಗ್ಗದ ಕೋಟೆ ಇದು. ಮತ್ತೆ ತಲೆ ಎತ್ತಬಾರದೆಂದು 1652ರಲ್ಲಿ ಕೆಡವಿಸಿದರು. ಉಳಿದಿರುವುದು ಒಂದೆರಡು ಗೋಡೆ ತುಂಡು, ಆಳವಾದ ಕಂದಕಗಳು, ಒಂದು ದೊಡ್ಡ ದಿಬ್ಬ, ಕೆಳಗೆ ಹೊಳೆವರೆಗೂ ಹುಲ್ಲುಗಾವಲು. ಬುತ್ತಿ ಬಿಚ್ಚಲು ಊರಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ, ದುಡ್ಡೂ ಕೊಡಬೇಕಿಲ್ಲ. ಎರಡು ಎಚ್ಚರಿಕೆ: ಮಳೆಯಾದ ಮಾರನೇ ದಿನ ಇಳಿಜಾರು ಜಾರುತ್ತದೆ, ಚಪ್ಪಲಿ ಬೇಡ. ದಾರಿ ಅಂಚಿನ ಹಲ್ಲುಹಲ್ಲಾದ ಎಲೆಯ ಗಿಡ ನಮ್ಮ ತುರಿಚೆ ಗಿಡದ ಹಾಗೆ ತಾಕಿದರೆ ಉರಿಯುತ್ತದೆ, ಮಗಳಿಗೆ ಉದ್ದ ಪ್ಯಾಂಟು ಹಾಕಿಸಿ.

ತಲೆ ಮೇಲೆ ಕವಲು ಬಾಲದ ಹದ್ದುಗಳು ಸುತ್ತುತ್ತಿರುತ್ತವೆ. ಇವು ಕೆಂಪು ಹದ್ದು, ಇಂಗ್ಲೆಂಡಿನಿಂದ ಕಾಣೆಯಾಗಿದ್ದವು. 1989ರಿಂದ ಸ್ಪೇನಿನ ಹಕ್ಕಿಗಳನ್ನು ತಂದು ಚಿಲ್ಟರ್ನ್ ಗುಡ್ಡಗಳಲ್ಲಿ ಬಿಟ್ಟರು. ಈಗ ಕೈಲಿದ್ದ ಸ್ಯಾಂಡ್‌ವಿಚ್ಚನ್ನೇ ಎಗರಿಸುವಷ್ಟು ಸಲಿಗೆ. ಡಬ್ಬಿ ತೆರೆದಿಟ್ಟು ಫೋಟೋ ತೆಗೆಯಲು ಹೋಗಬೇಡಿ.

ಬುತ್ತಿ ಅಂದೆ, ಯಾಕೆಂದರೆ ಸಸ್ಯಾಹಾರಿಗಳಿಗೆ ಅದೇ ನೆಮ್ಮದಿ. ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗಿ. ಹೊರಗೆ ತಿನ್ನುವುದಾದರೆ ಚಿಪ್ಸ್ ಅಂಗಡಿಯಲ್ಲಿ ‘ಯಾವ ಎಣ್ಣೆ?’ ಎಂದು ಕೇಳಿ, ಕೆಲವರು ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಎಣ್ಣೆಯೇ ಆದರೂ ಮೀನು ಕರಿದ ಬಾಣಲೆಯೇ ಇರಬಹುದು. ಚೀಸಿನ ಪೊಟ್ಟಣದ ಮೇಲೆ ಸಸ್ಯಾಹಾರಿ ಗುರುತು ನೋಡಿಯೇ ಕೊಳ್ಳಿ, ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಬಳಸಿದ್ದು ಇರುತ್ತದೆ. ಪಬ್ಬಿನ ಊಟ ಬೇಕಿದ್ದರೆ ಎರಡು ಗಂಟೆಯ ಒಳಗೆ ಕುಳಿತುಬಿಡಿ, ಅನೇಕ ಕಡೆ ಮಧ್ಯಾಹ್ನ ಎರಡೂವರೆಗೆ ಅಡುಗೆಮನೆ ಮುಚ್ಚಿದರೆ ತೆಗೆಯುವುದು ಸಂಜೆಗೇ.

ಊಟದ ನಂತರ ಹೊಳೆ. ಸೇತುವೆ ಸುಮಾರು 900 ಅಡಿ ಉದ್ದ, ಮಧ್ಯಯುಗದ್ದು, 1809ರ ಪ್ರವಾಹದಲ್ಲಿ ಕಿತ್ತುಹೋದ ಭಾಗವನ್ನು ಮತ್ತೆ ಕಟ್ಟಿದ್ದಾರೆ. ಕಮಾನುಗಳಲ್ಲಿ ಬಹಳಷ್ಟು ನಿಂತಿರುವುದು ನೀರಲ್ಲಿ ಅಲ್ಲ, ಹುಲ್ಲಿನ ಮೇಲೆ. ಚಳಿಗಾಲದಲ್ಲಿ ಹೊಳೆ ಹುಲ್ಲುಗಾವಲಿಗೆ ಹರಡಿದಾಗ ಅವುಗಳ ಕೆಲಸ ಗೊತ್ತಾಗುತ್ತದೆ. ಆಚೆ ದಡ ಕ್ರೌಮಾರ್ಷ್. ಅಲ್ಲಿ ಬೇಸಿಗೆಯಲ್ಲಿ ತೆರೆಯುವ ಬಯಲು ಈಜುಕೊಳ ಇದೆ, ಮಗಳಿಗೆ ಅದೇ ಸರಿ. ಮುಂಚಿತವಾಗಿ ಬುಕ್ ಮಾಡಿ.

ಹೊಳೆಗೆ ಇಳಿಯುವ ಆಸೆಯಿದ್ದರೆ ಇದನ್ನು ಓದಿ. ವಾಲಿಂಗ್‌ಫರ್ಡ್ ಬೀಚ್ ಎಂಬ ತುಣುಕನ್ನು 2024ರಲ್ಲಿ ಸರ್ಕಾರ ಅಧಿಕೃತ ಸ್ನಾನದ ಸ್ಥಳವೆಂದು ಘೋಷಿಸಿತು. ಹಾಗೆಂದರೆ ನೀರು ಶುದ್ಧ ಎಂದಲ್ಲ. ಮೇಯಿಂದ ಸೆಪ್ಟೆಂಬರ್‌ವರೆಗೆ ಮಾದರಿ ತೆಗೆದು ಪರೀಕ್ಷಿಸಿ ಫಲಿತಾಂಶ ಪ್ರಕಟಿಸುತ್ತಾರೆ ಎಂದಷ್ಟೇ ಅರ್ಥ. ಬೋರ್ಡು ನೋಡಿ ಇಳಿಯುವವರು ಇದನ್ನು ತಪ್ಪು ತಿಳಿಯುತ್ತಾರೆ. ಜೋರು ಮಳೆಯಾದರೆ ಒಳಚರಂಡಿ ತುಂಬಿ ಹೊಳೆಗೆ ಬಿಡುವುದುಂಟು, ಆಮೇಲೆ ಎರಡು-ಮೂರು ದಿನ ನೀರಿನ ಹತ್ತಿರ ಹೋಗದಿರುವುದೇ ಲೇಸು. ಇನ್ನು ಚಳಿ: ಕಾವೇರಿಯಲ್ಲಿ ಈಜಿ ಬೆಳೆದವರಿಗೂ ಈ ತಣ್ಣೀರಿಗೆ ಧುಮುಕಿದ ಮೊದಲ ನಿಮಿಷ ಉಸಿರು ಕಟ್ಟುತ್ತದೆ, ಅಷ್ಟರಲ್ಲೇ ನೀರು ಕುಡಿದುಬಿಡುತ್ತಾರೆ. ಲಾಕಿನ (ದೋಣಿಗಳನ್ನು ಏರಿಸಿ ಇಳಿಸುವ ಬಾಗಿಲುಗಳಿರುವ ಕಟ್ಟೆ) ಬಳಿ ಹಳದಿ ಹಲಗೆ ಇದ್ದರೆ ಸೆಳೆತ ಬದಲಾಗುತ್ತಿದೆ ಎಂದು, ಕೆಂಪು ಹಲಗೆ ಇದ್ದರೆ ಸೆಳೆತ ಜೋರಾಗಿದೆ ಎಂದು. ಕೆಂಪು ಕಂಡ ದಿನ ದೋಣಿಯೂ ಬೇಡ. ಸ್ವಂತ ಪ್ಯಾಡಲ್ ಬೋರ್ಡ್ ಒಯ್ದರೂ ಥೇಮ್ಸ್‌ನಲ್ಲಿ ಅದಕ್ಕೆ ಲೈಸೆನ್ಸ್ ಬೇಕು.

ರೋಯಿಂಗ್ ದೋಣಿಗಳು ಬಾಣದಂತೆ ಹೋಗುವುದನ್ನು ಮಾತ್ರ ದಡದಲ್ಲೇ ಕುಳಿತು ನೋಡಬಹುದು. ಬೆನ್ಸನ್ ಲಾಕಿನಿಂದ ಕ್ಲೀವ್ ಲಾಕಿನವರೆಗೆ ಆರೂವರೆ ಮೈಲಿ ನಡುವೆ ಒಂದೂ ಅಡ್ಡಿಯಿಲ್ಲ. ಉಬ್ಬರವಿಳಿತ ತಟ್ಟದ ಥೇಮ್ಸ್‌ನಲ್ಲಿ ಇಷ್ಟು ಉದ್ದದ ತೆರಪು ಬೇರೆಲ್ಲೂ ಇಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ತಮ್ಮ ಊರಿನ ಹೊಳೆ ಬಿಟ್ಟು ಇಲ್ಲಿ ದೋಣಿಮನೆ ಕಟ್ಟಿಕೊಂಡಿರುವುದು ಅದಕ್ಕೇ.

ನಡೆಯುವವರಿಗೆ: ಮೇಲ್ಮುಖವಾಗಿ ಬೆನ್ಸನ್ ಲಾಕ್ ಒಂದೂಕಾಲು ಮೈಲಿ, ಸಮತಟ್ಟು, ಅಪ್ಪ-ಅಮ್ಮ ನಿಧಾನವಾಗಿ ಹೋಗಿ ಬರಬಹುದು. ಅಲ್ಲಿಂದ ಆಚೆ ದಡಕ್ಕೆ ಅಣೆಕಟ್ಟೆಯ ಮೇಲಿನ ಕಾಲುಸೇತುವೆ ಮುಚ್ಚಿರುವುದೂ ಉಂಟು, ತೆರೆದಿದೆಯೇ ಎಂದು ಹೊರಡುವ ಮೊದಲು ನೋಡಿ. ಗಟ್ಟಿ ಕಾಲಿನವರು ಮತ್ತೊಂದು ದಿನ ಕೆಳಮುಖವಾಗಿ ಪೂರ್ವ ದಡದ ರಿಡ್ಜ್‌ವೇ ಎಂಬ ಕಾಲುದಾರಿ ಹಿಡಿದು ನಾರ್ತ್ ಸ್ಟೋಕ್, ಸೌತ್ ಸ್ಟೋಕ್ ದಾಟಿ ಗೋರಿಂಗ್‌ವರೆಗೆ ನಡೆಯಲಿ. ಮೂರು ಗಂಟೆ ಇಟ್ಟುಕೊಳ್ಳಿ, ಗೋರಿಂಗ್‌ನಿಂದ ರೆಡಿಂಗ್‌ಗೆ ರೈಲಿದೆ. ನಡುವೆ ರೈಲು ಎಂಜಿನಿಯರ್ ಬ್ರೂನೆಲ್ ಕಟ್ಟಿಸಿದ ಮೌಲ್ಸ್‌ಫರ್ಡ್ ರೈಲು ಸೇತುವೆಯ ಕೆಳಗೆ ನಿಂತು ಕತ್ತೆತ್ತಿ ನೋಡಿ. ಇಟ್ಟಿಗೆ ಸಾಲುಗಳು ನೇರವಾಗಿಲ್ಲ, ಓರೆಯಾಗಿ ತಿರುಚಿಕೊಂಡು ಹೋಗುತ್ತವೆ. ಹಳಿ ಹೊಳೆಯನ್ನು ಓರೆಯಾಗಿ ದಾಟುವುದರಿಂದ ಸಾಲೂ ಓರೆಯಾಗಬೇಕು, ನೇರ ಕಟ್ಟಿದ್ದರೆ ಕಮಾನಿನ ಮೂಲೆಗಳಿಗೆ ಆಸರೆ ಸಿಗುತ್ತಿರಲಿಲ್ಲ.

ಪತ್ತೇದಾರಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿ 1934ರಿಂದ 1976ರಲ್ಲಿ ತೀರಿಕೊಳ್ಳುವವರೆಗೆ ಊರಂಚಿನ ವಿಂಟರ್‌ಬ್ರೂಕ್‌ನಲ್ಲಿ ಮನೆ ಇಟ್ಟುಕೊಂಡಿದ್ದರು. ಮನೆ ಈಗ ಖಾಸಗಿ, ಹೊರಗಿನ ಫಲಕ ಮಾತ್ರ ನೋಡಬಹುದು. ಸಮಾಧಿ ಚೋಲ್ಸಿಯ ಚರ್ಚಿನ ಹಿತ್ತಲಲ್ಲಿದೆ. ಪ್ರವಾಸಕ್ಕೆ ಬಂದು ಸಮಾಧಿ ನೋಡಲು ನಿಮ್ಮ ತಾಯಿಯವರು ಒಪ್ಪುತ್ತಾರೋ ಇಲ್ಲವೋ, ಅದು ನಿಮಗೇ ಗೊತ್ತು.

ಕಾರು ಸಿಕ್ಕಿತೋ, ಕ್ರಿಸ್ಟಿ ಬಿಟ್ಟು ಸ್ಟೋಕ್ ರೋ ಹಳ್ಳಿಗೆ ಹೋಗಿ. ಆರೇಳು ಮೈಲಿ, ಇಪ್ಪತ್ತು ನಿಮಿಷ. ಇಂಗ್ಲಿಷ್ ಹಳ್ಳಿಯ ರಸ್ತೆ ಬದಿಯಲ್ಲಿ, ಬಣ್ಣದ ಗುಮ್ಮಟದ ಕೆಳಗೆ ಒಂದು ಚಿನ್ನದ ಬಣ್ಣದ ಆನೆ ನಿಂತಿದೆ. ಅದು ‘ಮಹಾರಾಜರ ಬಾವಿ’. ತೋಡಿಸಿ ಕೊಟ್ಟವರು ಕಾಶಿಯ ಮಹಾರಾಜ ಈಶ್ವರೀಪ್ರಸಾದ ನಾರಾಯಣ ಸಿಂಹ. ಪಕ್ಕದ ಇಪ್ಸ್‌ಡೆನ್‌ನ ಎಡ್ವರ್ಡ್ ರೀಡ್ ಎಂಬ ಅಧಿಕಾರಿ ಕಾಶಿ ಸೀಮೆಯಲ್ಲಿ ಕೆಲಸ ಮಾಡುತ್ತ, ತನ್ನೂರ ಕಡೆ ನೀರಿಗೆ ಎಷ್ಟು ತತ್ವಾರ ಎಂದು ರಾಜನಿಗೆ ಹೇಳಿದ್ದ; ಮನೆಯಲ್ಲಿದ್ದ ಕೊನೆ ಗುಟುಕು ನೀರು ಕುಡಿದದ್ದಕ್ಕೆ ಮಗುವೊಂದು ಪೆಟ್ಟು ತಿಂದ ಕಥೆಯೂ ಅದರಲ್ಲಿತ್ತಂತೆ. ಚಿಲ್ಟರ್ನ್ ಗುಡ್ಡವೆಲ್ಲ ಸೀಮೆಸುಣ್ಣದ ಕಲ್ಲು, ಬಿದ್ದ ಮಳೆ ನಿಲ್ಲದೆ ಕೆಳಗಿಳಿದುಬಿಡುತ್ತದೆ. ಹೊಳೆ ಕಣ್ಣಳತೆಯಲ್ಲಿದ್ದರೂ ಆಗ ಗುಡ್ಡದ ಮೇಲೆ ಕುಡಿಯಲು ಕೊಳಚೆ ಹೊಂಡವೇ ಗತಿಯಾಗಿತ್ತು.

ಬಾವಿಯ ಬಾಯಿ ಬರೀ ನಾಲ್ಕು ಅಡಿ ಅಗಲ, ಆಳ 368 ಅಡಿ. ನಮ್ಮ ಗೋಲಗುಮ್ಮಟದ ಎತ್ತರಕ್ಕಿಂತ ಎಷ್ಟೋ ಹೆಚ್ಚು. 1863ರಲ್ಲಿ ಶುರು ಮಾಡಿ, ಪೂರ್ತಿ ಕೈಯಲ್ಲೇ ತೋಡಿ, 1864ರ ಮೇ 24ರಂದು, ವಿಕ್ಟೋರಿಯಾ ರಾಣಿಯ ಹುಟ್ಟುಹಬ್ಬಕ್ಕೆ ಬಿಟ್ಟುಕೊಟ್ಟರು. ಆನೆ ನಿಂತಿರುವುದು ನೀರು ಸೇದುವ ಯಂತ್ರದ ಮೇಲೆ. ಎರಕ ಹೊಯ್ದದ್ದು ವಾಲಿಂಗ್‌ಫರ್ಡ್‌ನದೇ ವೈಲ್ಡರ್ ಕಾರ್ಖಾನೆ. ಹಲ್ಲುಚಕ್ರ, ತಿರುಗಿಸುವ ಹಿಡಿ ಎಲ್ಲ ಹತ್ತಿರದಿಂದ ಕಾಣುತ್ತವೆ, ಮಗಳಿಗೆ ಯಾವ ಚಕ್ರ ಯಾವುದನ್ನು ತಿರುಗಿಸುತ್ತದೆ ಎಂದು ಹುಡುಕಲು ಹೇಳಿ. ಪಕ್ಕದಲ್ಲಿ ಕಾವಲಿನವನ ಎಂಟು ಮೂಲೆಯ ಪುಟ್ಟ ಮನೆ, ಹಿಂದೆ ಚೆರ್ರಿ ತೋಪು. ಹಣ್ಣು ಮಾರಿದ ದುಡ್ಡಿನಲ್ಲಿ ಬಾವಿಯ ರಿಪೇರಿ ನಡೆಯಲಿ, ನೀರು ಮಾತ್ರ ಪುಕ್ಕಟೆ ಇರಲಿ ಎಂಬ ಏರ್ಪಾಡು ಅದು. ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಜನ ಇದರ ನೀರು ಸೇದಿದರು.

ನೋಡಲು ಅರ್ಧ ಗಂಟೆ ಸಾಕು, ಟಿಕೆಟ್ ಇಲ್ಲ. ಬಸ್ಸನ್ನು ನಂಬಿ ಇಲ್ಲಿಗೆ ಬರಬೇಡಿ. ಏಪ್ರಿಲ್ ಕೊನೆ, ಮೇ ಮೊದಲ ವಾರವಾದರೆ ಸುತ್ತಲಿನ ಬೀಚ್ ಮರದ ಕಾಡಿನಲ್ಲಿ ನೆಲವೆಲ್ಲ ಬ್ಲೂಬೆಲ್ ಹೂವಿನ ನೀಲಿ. ದಾರಿ ಬಿಟ್ಟು ಹೂವಿನ ಮೇಲೆ ಕಾಲಿಡಬೇಡಿ, ತುಳಿದ ಗಿಡ ಚೇತರಿಸಿಕೊಳ್ಳಲು ವರ್ಷಗಳು ಹಿಡಿಯುತ್ತವೆ. ಹಳ್ಳಿಯ ರಸ್ತೆ ಒಂದೇ ಗಾಡಿಯ ಅಗಲ, ಎದುರು ಟ್ರ್ಯಾಕ್ಟರ್ ಬಂದರೆ ಹಿಂದಕ್ಕೆ ತೆಗೆಯಬೇಕಾದವರು ಹೆಚ್ಚಾಗಿ ನೀವೇ.