ಕೋರ್ಟಿಗೆ ಹೋಗದ ಕಂಪನಿ ವಕೀಲರಿಗೂ ವೃತ್ತಿಗೆ ಬಂದ ಮೇಲೆ ಆಗಾಗ ಕಾನೂನು ತರಬೇತಿ ಯಾಕೆ ಬೇಕು?

ಅವರಿಗೇ ಜಾಸ್ತಿ ಬೇಕು. ದೊಡ್ಡ ವಕೀಲರ ಸಂಸ್ಥೆಯಲ್ಲಿ ತೆರಿಗೆಗೆ ಒಬ್ಬರು, ಕಾರ್ಮಿಕ ಕಾನೂನಿಗೆ ಇನ್ನೊಬ್ಬರು ಇರುತ್ತಾರೆ. ಕಂಪನಿಯಲ್ಲಿ ಎಲ್ಲ ಪ್ರಶ್ನೆಗಳೂ ಒಂದೇ ಮೇಜಿಗೆ ಬರುತ್ತವೆ. ತಪ್ಪಿದರೆ ಹೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ, ಅಲ್ವಾ?

ಹಳೆಯ ಕರಾರಿನ ಒಂದು ಸಾಲು ನೋಡಿ: ‘ಮಾಹಿತಿ ಸೋರಿದರೆ ಬೇಗ ತಿಳಿಸಬೇಕು.’ ಐರೋಪ್ಯ ಒಕ್ಕೂಟದಲ್ಲಿ 2018ರಿಂದ, ವೈಯಕ್ತಿಕ ಮಾಹಿತಿ ಸೋರಿದ್ದು ಗೊತ್ತಾದರೆ ಸಾಮಾನ್ಯವಾಗಿ 72 ಗಂಟೆಯೊಳಗೆ ನಿಯಂತ್ರಕರಿಗೆ ತಿಳಿಸಬೇಕು. ಇದು ಗೊತ್ತಿಲ್ಲದವರು ಆ ‘ಬೇಗ’ವನ್ನೇ ವರ್ಷಗಟ್ಟಲೆ ನಕಲು ಮಾಡುತ್ತಿರುತ್ತಾರೆ.

ವಕೀಲರು ಎಷ್ಟು ಗಂಟೆ ತರಬೇತಿ ಪಡೆಯಬೇಕು ಅನ್ನುವ ಲೆಕ್ಕ ಒಂದೊಂದು ಕಡೆ ಒಂದೊಂದು ಥರ. ನ್ಯೂಯಾರ್ಕ್‌ನಲ್ಲಿ ಅನುಭವಿ ವಕೀಲರಿಗೆ 2 ವರ್ಷಕ್ಕೆ 24 ಗಂಟೆ. ಇಂಗ್ಲೆಂಡ್‌ನಲ್ಲಿ ಸಾಲಿಸಿಟರ್‌ಗಳಿಗೆ (ಮುಖ್ಯವಾಗಿ ಕಾನೂನು ಸಲಹೆ ಕೊಡುವ ವಕೀಲರಿಗೆ) ಇದ್ದ ವರ್ಷಕ್ಕೆ 16 ಗಂಟೆಯ ಕಡ್ಡಾಯವನ್ನು 2016ರಲ್ಲಿ ಕೈಬಿಟ್ಟರು. ಈಗ ತಮಗೆ ಏನು ಗೊತ್ತಿಲ್ಲ ಅಂತ ತಾವೇ ಗುರುತಿಸಿ ಕಲಿಯಬೇಕು. ನನಗೆ ಇದೇ ಸರಿ ಅನ್ನಿಸುತ್ತದೆ.